ಕೋಳಿ ಮುಚ್ಚೋ ಹೊತ್ತು

ನಮ್ಮಜ್ಜಿ ಯಾರ ಮನೆಯಲ್ಲೂ ರಾತ್ರಿ ಉಳಿದವಳಲ್ಲ. ಮೈಸೂರಿನ ನಮ್ಮ ಮನೆಗೆ ಬಂದರೂ ಅಷ್ಟೇ. ಕೆ.ಆರ್. ಪೇಟೆ ಕಡೆಯ ಹಳ್ಳಿಯಿಂದ ಬೆಳಗಿನ ಬಸ್ಸು ಹತ್ತಿ ಬರುತ್ತಿದ್ದಳು. ಊಟ ಮುಗಿದು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು ಅಂದರೆ ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಎಣಿಸೋಕೆ ಶುರು. "ಇವತ್ತೊಂದಿನ ಇರವ್ವ" ಅಂತ ಅಮ್ಮ ಎಷ್ಟು ಹೇಳಿದರೂ ಒಂದೇ ಉತ್ತರ. "ಕೋಳಿ ಮುಚ್ಬೇಕು ಕಣವ್ವ."

ಅದು ನೆಪ ಅಂತಲೇ ನಾವು ಅಂದುಕೊಂಡಿದ್ದೆವು. ಅಳಿಯನ ಮನೆಯಲ್ಲಿ ಉಳಿಯೋಕೆ ಸಂಕೋಚ, ಅದನ್ನ ಕೋಳಿ ಮೇಲೆ ಹಾಕ್ತಾರೆ ಅಂತ ಅಪ್ಪ ನಗುತ್ತಿದ್ದರು. ನಾಲ್ಕು ಗಂಟೆಯ ಬಸ್ಸಿಗೆ ಅಜ್ಜಿ ಹೋದ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ಮೊಮ್ಮಗಳಿಗಿಂತ ಕೋಳಿ ಹೆಚ್ಚಾಯ್ತಾ ಅಂತ.

ಈಗ ನನಗೆ ನಲವತ್ತಾರು. ಹೋದ ತಿಂಗಳು ಹಾಸನದಲ್ಲಿ ನಾದಿನಿಯ ಮಗಳ ಮದುವೆ. ಧಾರೆ ಮುಗಿಯಿತು, ಊಟ ಮುಗಿಯಿತು. ಹೆಣ್ಣೊಪ್ಪಿಸೋ ಶಾಸ್ತ್ರಕ್ಕೂ ನಿಲ್ಲದೆ ಬ್ಯಾಗು ಹೆಗಲಿಗೆ ಹಾಕಿಕೊಂಡೆ. ನಾದಿನಿ ಕೈ ಹಿಡಿದು, "ಏನತ್ತಿಗೆ, ಇಷ್ಟು ಅವಸರ?" ಅಂದಳು. ನನ್ನ ಬಾಯಿಂದ ಬಂದಿದ್ದು ಅದೇ ಮಾತು. ಅವಳು ನಗಲಿಲ್ಲ. ನೆಪ ಅಂದುಕೊಂಡಳು ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಕೋಳಿ ಬಂದಿದ್ದು 2021ರ ಜುಲೈನಲ್ಲಿ, ಎರಡನೇ ಲಾಕ್‌ಡೌನ್ ಮುಗಿದ ಮೇಲೆ. ರಿಂಗ್ ರೋಡಿನ ಆಚೆ ನಮ್ಮದೊಂದು ಮನೆ. ಹಿಂದೆ ಸ್ವಲ್ಪ ಹಿತ್ತಿಲಿದೆ. ಒಂದು ಕರಿಬೇವು, ಒಂದು ನಿಂಬೆ, ಒಂದು ಒಗೆಯೋ ಕಲ್ಲು. ಮನೆಯಲ್ಲೇ ಮೊಟ್ಟೆ ಸಿಕ್ಕಿದರೆ ಎಷ್ಟು ಉಳಿತಾಯ ಅಂತ ಶುರು ಮಾಡಿದ್ದು. ಹೌದು, ಉಳಿತಾಯ. ನಾನು ಕೆಲಸ ಮಾಡೋದು ಆಡಿಟರ್ ಒಬ್ಬರ ಆಫೀಸಿನಲ್ಲಿ. ಬೇರೆಯವರ ಲೆಕ್ಕ ಬರೆದೂ ಬರೆದೂ ಇಪ್ಪತ್ತು ವರ್ಷ ಆಗಿದೆ. ಹಾಗಾಗಿ ಮೊದಲ ದಿನವೇ ನೂರು ಪುಟದ ನೋಟ್‌ಬುಕ್ ತಂದು ಮೇಲೆ "ಕೋಳಿ" ಅಂತ ಬರೆದೆ. ಈಗ ಈ ಬರಹ ಬರೀತಿರೋದು ಆ ಪುಸ್ತಕ ಪಕ್ಕದಲ್ಲಿಟ್ಟುಕೊಂಡೇ.

ಮೊದಲ ಸಾಲು: ಸ್ವರ್ಣಧಾರ ಮರಿ, ಒಂದೂವರೆ ತಿಂಗಳಿನವು, 10. ಒಂದಕ್ಕೆ 150 ರೂಪಾಯಿಯಂತೆ 1,500.

ಸ್ವರ್ಣಧಾರ ಅಂದರೆ ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ತಳಿ. ಗಿರಿರಾಜನ ಹೆಸರು ಎಲ್ಲರಿಗೂ ಗೊತ್ತು, ಅದೇ ಬಳಗದ್ದು. ನಾಟಿ ಕೋಳಿ ವರ್ಷಕ್ಕೆ ಇಡೋದು 50-60 ಮೊಟ್ಟೆ. ಗಿರಿರಾಜ 130-150, ಸ್ವರ್ಣಧಾರ 180-190 ಅಂತ ಹೇಳುತ್ತಾರೆ. ನಾನು ಕೂತು ಗುಣಿಸಿದೆ. ಹತ್ತು ಕೋಳಿ, 1,800 ಮೊಟ್ಟೆ! ಮಾರೋಕೂ ಆಗುತ್ತೆ ಅಂದುಕೊಂಡೆ. ಒಂದೂವರೆ ತಿಂಗಳ ಮರಿಯಲ್ಲಿ ಹುಂಜ ಯಾವುದು, ಹ್ಯಾಟೆ ಯಾವುದು ಅಂತ ನನಗೆ ತಿಳಿಯದು ಅನ್ನೋದು ಆ ಗುಣಾಕಾರದಲ್ಲಿ ಇರಲಿಲ್ಲ.

ಎರಡನೇ ಸಾಲು ಗೂಡಿನದ್ದು. ವೆಲ್ಡಿಂಗ್ ಅಂಗಡಿಯವನು ಆಂಗಲ್ ಕಬ್ಬಿಣ, ಶೀಟು, ಕೋಳಿ ಜಾಲರಿ, ಕೂಲಿ ಎಲ್ಲ ಸೇರಿ 14,500 ಅಂದ. ಕೊಟ್ಟೆ. ನೀರಿನ ಡ್ರಿಂಕರ್, ಫೀಡರ್ 900.

ಕೋಳಿ ಜಾಲರಿ ಅಂತ ಮಾರುತ್ತಾರಲ್ಲ, ಆರು ಮೂಲೆಯ ಕಣ್ಣಿನ ತೆಳು ತಂತಿಯದ್ದು, ಅದು ಕೋಳಿ ಆಚೆ ಹೋಗದ ಹಾಗೆ ತಡೆಯುತ್ತೆ, ಅಷ್ಟೇ. ಬೇರೆಯದು ಒಳಗೆ ಬರೋದನ್ನ ತಡೆಯಲ್ಲ. ಇದು ನನಗೆ ಗೊತ್ತಾಗಿದ್ದು ಸೆಪ್ಟೆಂಬರಿನ ಒಂದು ಮಧ್ಯಾಹ್ನ. ಕಳ್ಳ ಪ್ರಾಣಿ ರಾತ್ರಿ ಬರುತ್ತೆ ಅಂತ ನಾವೆಲ್ಲ ರಾತ್ರಿಗೆ ಬೀಗ ಹಾಕುತ್ತೇವೆ. ಮುಂಗುಸಿ ಹಗಲಿನದ್ದು. ನಾನು ಆಫೀಸಿನಲ್ಲಿದ್ದೆ. ಪಕ್ಕದ ಮನೆ ಆಂಟಿ ಫೋನ್ ಮಾಡಿ, "ನಿಮ್ಮ ಕೋಳಿ ಒಂಥರಾ ಕಿರುಚ್ತಿವೆ ಕಣಮ್ಮ" ಅಂದರು. ಬಂದು ನೋಡಿದರೆ ಕೆಳಗಿನ ಮೂಲೆಯಲ್ಲಿ ಜಾಲರಿ ಒಂದು ಕೈ ಹೋಗುವಷ್ಟು ಬಗ್ಗಿತ್ತು. ಎರಡು ಮರಿ ಸತ್ತು ಬಿದ್ದಿದ್ದವು. ತಿಂದೂ ಇರಲಿಲ್ಲ. ಕತ್ತಿನ ಹತ್ತಿರ ಕಡಿದು ಬಿಟ್ಟು ಹೋಗಿತ್ತು. ಉಳಿದ ಎಂಟು ಮರಿ ಇನ್ನೊಂದು ಮೂಲೆಯಲ್ಲಿ ಒಂದರ ಮೇಲೊಂದು ಹತ್ತಿಕೊಂಡು, ಎಲ್ಲ ತಲೆಯನ್ನೂ ಗೋಡೆಯ ಕಡೆಗೆ ತಿರುಗಿಸಿಕೊಂಡು ನಿಂತಿದ್ದವು. ನಾನು ಒಳಗೆ ಕೈ ಹಾಕಿದಾಗ ಒಂದೂ ಅಲ್ಲಾಡಲಿಲ್ಲ. ಸತ್ತವನ್ನು ನಿಂಬೆ ಗಿಡದ ಬುಡದಲ್ಲಿ ಹೂತೆವು. ಮಾರನೆಯ ದಿನ ಅರ್ಧ ಇಂಚಿನ ವೆಲ್ಡ್ ಮೆಶ್ ತಂದು, ಸುತ್ತ ಒಂದು ಅಡಿ ಮಣ್ಣೊಳಗೂ ಇಳಿಸಿ ಕಟ್ಟಿಸಿದೆ. 4,200.

ಎಂಟರಲ್ಲಿ ಮೂರು ಹುಂಜ. ಕೂಗೋಕೆ ಶುರು ಮಾಡಿದ ವಾರಕ್ಕೇ ಹಿಂದಿನ ಬೀದಿಯ ರಿಟೈರ್ಡ್ ಮೇಷ್ಟ್ರು ಬಂದರು. ಬೈಯಲಿಲ್ಲ. "ನಿಮ್ಮ ಹುಂಜಕ್ಕೆ ಬೆಳಗಿನ ಜಾವ ಮೂರೂವರೆಗೇ ಸೂರ್ಯ ಹುಟ್ಟುತ್ತಾನಲ್ಲಮ್ಮ" ಅಂದರು. ತನ್ನ ಕೋಳಿ ಕೂಗಿದರೇ ಬೆಳಗಾಗೋದು ಅಂದುಕೊಂಡ ಮುದುಕಿಯ ಕತೆ ನೆನಪಾಗಿ ನಾನೇ ನಕ್ಕೆ. ಮೂರನ್ನೂ 500ರಂತೆ ಮಾರಿದೆ, 1,500 ಜಮಾ. (ಹುಂಜ ಇಲ್ಲದೆ ಮೊಟ್ಟೆ ಹೇಗೆ ಇಡುತ್ತೆ ಅಂತ ಇವತ್ತಿಗೂ ಜನ ಕೇಳುತ್ತಾರೆ. ಇಡುತ್ತೆ. ಮರಿ ಆಗಲ್ಲ, ಅಷ್ಟೇ.)

ಇನ್ನು ಲಸಿಕೆ. ಕೋಳಿ ಸಾಕುವವರು ಹೆದರೋದು ಕೊಕ್ಕರೆ ರೋಗಕ್ಕೆ. ಇಂಗ್ಲಿಷಿನ ಪುಸ್ತಕದಲ್ಲಿ ಅದಕ್ಕೆ ಉತ್ತರಾಖಂಡದ ಊರಿನ ಹೆಸರೂ ಇದೆ, ರಾಣಿಖೇತ್ ಅಂತ. ಹಸಿರು ಬಿಳಿ ಹಿಕ್ಕೆ, ತೂಕಡಿಕೆ, ಕೊನೆಗೆ ಕತ್ತು ತಿರುಚಿಕೊಂಡು ಬೀಳುತ್ತವೆ. ಬಂದ ಮೇಲೆ ಔಷಧಿ ಇಲ್ಲ, ಬರೋ ಮುಂಚೆ ಲಸಿಕೆ ಮಾತ್ರ. ಅದನ್ನ ಕೇಳಿಕೊಂಡು ಹೋದರೆ ಅಂಗಡಿಯವರು ಕೊಟ್ಟಿದ್ದು 100 ಡೋಸಿನ ಬಾಟಲಿ. ಆಗಿನ್ನೂ ಹತ್ತೂ ಮರಿ ಇದ್ದವು, ನನಗೆ ಬೇಕಾಗಿದ್ದು ಹತ್ತು. "ಬಿಡಿ ಕೊಡಲ್ವಾ?" ಅಂತ ಕೇಳಿದೆ. ತಲೆನೋವಿನ ಮಾತ್ರೆ ಕೇಳಿದ ಹಾಗೆ. ಅವರು ನಕ್ಕು, ಐಸ್ ಹಾಕಿದ ಫ್ಲಾಸ್ಕಿನಲ್ಲಿಟ್ಟು ಕೊಟ್ಟರು. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಹಾಕಿ ಮುಗಿಸಬೇಕು. ಒಂದೊಂದರ ಕಣ್ಣಿಗೆ ಒಂದು ಹನಿ. ಹತ್ತು ಹನಿ ಹಾಕಿ ತೊಂಬತ್ತು ಹನಿ ಚೆಲ್ಲಿದೆ. ಸಾವಿರ ಕೋಳಿ ಇರುವವನಿಗೆ ಪೈಸೆಗಳ ಲೆಕ್ಕದ ಲಸಿಕೆ ನನಗೆ ರೂಪಾಯಿಗಳ ಲೆಕ್ಕ ಆಗೋದು ಹೀಗೆ.

ನವೆಂಬರ್ 14ಕ್ಕೆ ಮೊದಲ ಮೊಟ್ಟೆ. ತಾರೀಖು ಪುಸ್ತಕದಲ್ಲಿದೆ, ಮಗಳು ಸುತ್ತ ಹೂವಿನ ಚಿತ್ರ ಬರೆದಿದ್ದಾಳೆ. ಚಿಕ್ಕದು, ದೊಡ್ಡ ನೆಲ್ಲಿಕಾಯಿಗಿಂತ ಸ್ವಲ್ಪ ದಪ್ಪ. ತಿಳಿ ಕಂದು ಬಣ್ಣ, ಒಂದು ಕಡೆ ರಕ್ತದ ಗೆರೆ. ಕೈಯಲ್ಲಿ ಹಿಡಿದರೆ ಬಿಸಿ. ಇಟ್ಟಿದ್ದು ಕೆಂಪಿ. ಐದರಲ್ಲಿ ಅವಳೇ ಜೋರು. ಆ ದಿನದವರೆಗಿನ ಖರ್ಚು ಕೂಡಿದೆ. ಮರಿ 1,500, ಗೂಡು ಮೆಶ್ ಪಾತ್ರೆ 19,600, ಅಲ್ಲಿವರೆಗೆ ತಿಂದ 80 ಕೆ.ಜಿ. ಫೀಡಿಗೆ 2,880. ಹತ್ತಿರ ಹತ್ತಿರ 24 ಸಾವಿರದ ಮೊಟ್ಟೆ! ನಮ್ಮನೆಯವರು ಅದನ್ನು ಆಮ್ಲೆಟ್ ಮಾಡಬೇಡ, ಬ್ಯಾಂಕ್ ಲಾಕರಿನಲ್ಲಿಡು ಅಂದರು.

ಇದು ಅನ್ಯಾಯದ ಲೆಕ್ಕ, ಒಪ್ಪುತ್ತೇನೆ. ಗೂಡು ಹತ್ತು ವರ್ಷ ಬರುತ್ತೆ. ಹಾಗಾಗಿ ಒಂದು ಇಡೀ ವರ್ಷ ಆದ ಮೇಲೆ ಕಸುಬಿನವರ ಹಾಗೆ ಸರಿಯಾಗಿ ಕೂತು ಬರೆದೆ. ಒಂದು ಕೋಳಿ ದಿನಕ್ಕೆ 115 ಗ್ರಾಂ ತಿನ್ನುತ್ತೆ. ಐದು ಕೋಳಿಗೆ ವರ್ಷಕ್ಕೆ 210 ಕೆ.ಜಿ. ಐವತ್ತು ಕೆ.ಜಿ. ಲೇಯರ್ ಫೀಡ್ ಚೀಲಕ್ಕೆ ಆಗ 1,750. ಅಲ್ಲಿಗೆ 7,350. ಲಸಿಕೆ, ಜಂತಿನ ಔಷಧಿ, ಕಪ್ಪೆಚಿಪ್ಪಿನ ಪುಡಿ, ನೆಲಕ್ಕೆ ಹಾಸೋ ಭತ್ತದ ಹೊಟ್ಟು ಎಲ್ಲ ಸೇರಿ 1,650. ಗೂಡಿನ ಹತ್ತನೇ ಒಂದು ಪಾಲು 1,960. ಮರಿ ಸಾಕಿದ ಖರ್ಚಿನಲ್ಲಿ ಹುಂಜ ಮಾರಿದ್ದು ಕಳೆದು, ಉಳಿದಿದ್ದನ್ನು ಎರಡು ವರ್ಷಕ್ಕೆ ಹಂಚಿದರೆ 1,440. ಒಟ್ಟು 12,400 ರೂಪಾಯಿ. ಆ ವರ್ಷ ಸಿಕ್ಕಿದ್ದು 684 ಮೊಟ್ಟೆ.

ಒಂದಕ್ಕೆ 18 ರೂಪಾಯಿ.

ಬೀದಿ ಕೊನೆಯ ಅಂಗಡಿಯಲ್ಲಿ ಫಾರಂ ಮೊಟ್ಟೆ ಆಗ ಆರು ರೂಪಾಯಿ. ನಾಟಿ ಮೊಟ್ಟೆ ಅಂತ ಬುಟ್ಟಿಯಲ್ಲಿ ತರುವ ಅಜ್ಜಿ 12ಕ್ಕೆ ಕೊಡುತ್ತಿದ್ದಳು. ನಾನು ಅವಳ ಹತ್ತಿರವೇ ಕೊಂಡಿದ್ದರೆ ಸಾವಿರಾರು ರೂಪಾಯಿ ಉಳಿಯುತ್ತಿತ್ತು. ಇನ್ನು ನನ್ನ ಕೂಲಿ ಇದರಲ್ಲಿಲ್ಲ. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಗಂಟೆಗೆ ಬರೀ 50 ಹಾಕಿದರೂ ವರ್ಷಕ್ಕೆ 18,250. ಅದನ್ನೂ ಸೇರಿಸಿದರೆ ಮೊಟ್ಟೆ 45 ರೂಪಾಯಿ ದಾಟುವುದೊಂದು ಬಾಕಿ. ಈ ಸಾಲನ್ನು ಪೆನ್ಸಿಲಿನಲ್ಲಿ ಬರೆದು ಅಳಿಸಿದ್ದೇನೆ. ಗುರುತು ಹಾಗೇ ಕಾಣುತ್ತೆ.

ಆವತ್ತು ಅಮ್ಮನಿಗೆ ಫೋನ್ ಮಾಡಿ, "ಅಜ್ಜಿಗೆ ಒಂದು ಮೊಟ್ಟೆಗೆ ಎಷ್ಟು ಖರ್ಚಾಗ್ತಿತ್ತಮ್ಮ?" ಅಂತ ಕೇಳಿದೆ. "ಖರ್ಚಾ? ಏನ್ ಖರ್ಚೇ ಅದಕ್ಕೆ? ಕೋಳಿ ತಾನೇ ಮೇಯ್ಕೊಂಡು ಬರ್ತಿತ್ತು" ಅಂದಳು.

ತಾನೇ ಮೇಯ್ಕೊಂಡು. ನಾನು ತುಂಬಾ ದಿನ ಇದರ ಬಗ್ಗೆಯೇ ಯೋಚಿಸಿದೆ. ಅಜ್ಜಿಯ ಹಿತ್ತಿಲಲ್ಲಿ ತಿಪ್ಪೆ ಇತ್ತು, ಅದರಲ್ಲಿ ಹುಳ ಇತ್ತು. ಕಣದಲ್ಲಿ ರಾಗಿ ಬಡಿದ ಮೇಲೆ ಉದುರಿದ ಕಾಳು. ಹಸು ಇತ್ತು, ಸಗಣಿ ಇತ್ತು. ಅಜ್ಜಿ ಒಂದು ಒಡಕು ಮಡಕೆಗೆ ಒದ್ದೆ ಸಗಣಿ, ಹಳೇ ಹುಲ್ಲು ತುಂಬಿ ಹುತ್ತದ ಹತ್ತಿರ ಬೋರಲು ಹಾಕಿ ಬರುತ್ತಿದ್ದಳು. ಬೆಳಗ್ಗೆ ಎತ್ತಿದರೆ ಮಡಕೆ ತುಂಬ ಗೆದ್ದಲು. ಮರಿಗಳ ಮುಂದೆ ಕೊಡವಿದರೆ ಅವು ಬಿದ್ದು ಬಿದ್ದು ತಿನ್ನುತ್ತಿದ್ದವು. ಇವತ್ತು ಚೀಲದ ಮೇಲೆ ಪ್ರೋಟೀನ್ ಶೇಕಡಾ ಇಷ್ಟು ಅಂತ ಅಚ್ಚು ಹಾಕಿ ನನಗೆ ಮಾರುವುದು ಅದನ್ನೇ. ಅಜ್ಜಿಯ ಕೋಳಿ ಬರೀ ಅವಳ ಮನೆಯದ್ದೇ ತಿನ್ನುತ್ತಿರಲಿಲ್ಲ. ಪಕ್ಕದ ಮನೆಯವರು ಒಣಹಾಕಿದ ರಾಗಿ, ಆಚೆ ಮನೆಯ ಸೊಪ್ಪಿನ ಮಡಿ, ಎಲ್ಲ ಅವಕ್ಕೆ ಒಂದೇ. ಊರಲ್ಲಿ ಅರ್ಧ ಜಗಳ ಶುರುವಾಗುತ್ತಿದ್ದುದೇ ಕೋಳಿಯಿಂದ. ಅಂದರೆ ಅಜ್ಜಿಯ ಮೊಟ್ಟೆಯ ಖರ್ಚನ್ನು ಊರೆಲ್ಲ ಸ್ವಲ್ಪ ಸ್ವಲ್ಪ ಕೊಡುತ್ತಿತ್ತು. ನನ್ನ ಹಿತ್ತಿಲಲ್ಲಿ ಸಿಮೆಂಟ್ ಬಿಟ್ಟು ಉಳಿದ ಮಣ್ಣು ಒಂದು ಚಾಪೆಯಷ್ಟು. ಅದನ್ನು ಐದು ಕೋಳಿ ಎರಡೇ ವಾರದಲ್ಲಿ ಬೋಳು ಮಾಡಿದವು.

ಇನ್ನೊಂದು ವಿಷಯ ಅಮ್ಮ ಆಮೇಲೆ ಹೇಳಿದಳು. ನಾನು ಕೇಳದೇ ಇದ್ದಿದ್ದು. ಆ ಮೊಟ್ಟೆಯನ್ನು ಅವರು ತಿನ್ನುತ್ತಲೇ ಇರಲಿಲ್ಲ. ಹುಷಾರಿಲ್ಲದವರಿಗೆ, ಬಾಣಂತಿಗೆ, ನೆಂಟರಿಗೆ ಮಾತ್ರ. ಉಳಿದಿದ್ದೆಲ್ಲ ರಾಗಿ ಮಡಕೆಯೊಳಗೆ ಹೂತಿಟ್ಟು ಕಾವಿಗೆ. ನಾಟಿ ಕೋಳಿ ಹನ್ನೆರಡು ಹದಿನೈದು ಮೊಟ್ಟೆ ಇಡುತ್ತೆ, ಆಮೇಲೆ ಕಾವಿಗೆ ಕೂರುತ್ತೆ. ಅಜ್ಜಿ ಮಂಕರಿಗೆ ಹುಲ್ಲು ಹಾಸಿ, ಮೊಟ್ಟೆ ಜೋಡಿಸಿ, ಮಧ್ಯೆ ಒಂದು ಕಬ್ಬಿಣದ ಚೂರು, ಎರಡು ಇದ್ದಿಲು ಇಡುತ್ತಿದ್ದಳು. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿಯೇ ಇಡೋದು. ಇಪ್ಪತ್ತೊಂದು ದಿನ. ನನಗೂ ಆ ಮೂಲೆ ನೆನಪಿದೆ, ಹತ್ತಿರ ಹೋದರೆ ಕೋಳಿ ಮೈಯೆಲ್ಲ ಉಬ್ಬಿಸಿಕೊಂಡು ಗುರ್ರ್ ಅನ್ನೋದು. ಮರಿ ಬೆಳೆದು ಹಬ್ಬಕ್ಕೆ ಮಾರಿದರೆ ಬರುವ ದುಡ್ಡು ಅಜ್ಜಿಯದ್ದು. ತಾತ ಕೇಳುವ ಹಾಗಿರಲಿಲ್ಲ. ಅಮ್ಮನ ಶಾಲೆಯ ಫೀಸು, ಚಿಕ್ಕಮ್ಮನ ಓಲೆ, ನಮ್ಮ ಮನೆಗೆ ಬರುವ ಬಸ್ ಚಾರ್ಜು, ಆ ಸೆರಗಿನ ಗಂಟು, ಎಲ್ಲ ಕೋಳಿಯದ್ದೇ.

ಅಮ್ಮ ಖರ್ಚಿಲ್ಲ ಅಂದಳಲ್ಲ, ಅವಳೇ ಮರೆತಿದ್ದ ಒಂದು ಖರ್ಚಿತ್ತು. ಬೇಸಿಗೆಯಲ್ಲಿ ಕೋಳಿಗೆ ಕಾಯಿಲೆ ಬಂತು ಅಂದರೆ ಒಂದು ವಾರದಲ್ಲಿ ಊರಿಗೆ ಊರೇ ಖಾಲಿ. ಲಸಿಕೆ ಯಾರು ಹಾಕಿಸುತ್ತಿದ್ದರು? ಒಂದು ಸಲ ಅಜ್ಜಿ ಹದಿನೆಂಟು ಕೋಳಿ ಕಳೆದುಕೊಂಡಳಂತೆ. ಹದಿನೆಂಟು ಅಂದರೆ ಅವಳ ಉಳಿತಾಯ ಖಾತೆ ಪೂರ್ತಿ. ಮತ್ತೆ ಯಾರದೋ ಮನೆಯಿಂದ ಒಂದು ಹ್ಯಾಟೆಯನ್ನು ಪಾಲಿಗೆ ತಂದು, ಅರ್ಧ ಮರಿ ಅವರಿಗೆ ಅರ್ಧ ತನಗೆ ಅಂತ ಮೊದಲಿಂದ ಶುರು ಮಾಡಿದಳು. ಈ ನಷ್ಟವನ್ನೆಲ್ಲ ಮೊಟ್ಟೆಗಳ ಮೇಲೆ ಹಂಚಿದರೆ ಅವಳ ಮೊಟ್ಟೆಯೂ ಅಗ್ಗದ್ದಲ್ಲ. ಬರೆದಿಡುವವರು ಇರಲಿಲ್ಲ, ಅಷ್ಟೇ. ಆ ನಾಲ್ಕು ಗಂಟೆ ಬಸ್ಸನ್ನು ಯಾವ ಕಾಲಮ್ಮಿಗೆ ಹಾಕೋದು ಅಂತ ನನಗೂ ತಿಳಿಯಲಿಲ್ಲ.

ನನ್ನದೂ ಈಗ ಅದೇ ಆಗಿದೆ. ನಾಲ್ಕು ವರ್ಷದಲ್ಲಿ ನಾವು ಮೂರೂ ಜನ ಒಟ್ಟಿಗೆ ಒಂದು ರಾತ್ರಿ ಹೊರಗೆ ಉಳಿದಿಲ್ಲ. ಕಳೆದ ವರ್ಷ ಅಪ್ಪ ಮಗಳು ಗೋಕರ್ಣಕ್ಕೆ ಹೋದರು, ನಾನು ಇಲ್ಲಿ. ಪಕ್ಕದ ಮನೆ ಆಂಟಿಗೆ ಹೇಳಬಹುದು, ಒಂದೆರಡು ಸಲ ಹೇಳಿದ್ದೂ ಇದೆ. ಆದರೆ ಕತ್ತಲಾಗುವ ಆ ಹದಿನೈದು ನಿಮಿಷ ಯಾರಿಗೂ ಕಾಯೋಕೆ ಆಗಲ್ಲ. ಬೇಗ ಬಂದರೆ ಕೋಳಿ ಒಳಗೆ ಹೋಗಲ್ಲ, ಓಡಿಸಬೇಕು. ತಡವಾದರೆ ಬೆಕ್ಕು, ಬೀದಿ ನಾಯಿ. ಸರಿಯಾದ ಹೊತ್ತಿಗೆ ಹೋದರೆ ಅವೇ ಒಂದರ ಹಿಂದೆ ಒಂದು ಒಳಗೆ ಹೋಗಿ, ಕೋಲಿನ ಮೇಲೆ ಜಾಗಕ್ಕೆ ಕಿತ್ತಾಡಿ, ಸುಮ್ಮನಾಗುತ್ತವೆ. ಚಿಲಕ ಹಾಕಿದರೆ ಆಯ್ತು. ಅದಕ್ಕೆ ಎರಡು ನಿಮಿಷವೂ ಬೇಡ. ಆ ಎರಡು ನಿಮಿಷಕ್ಕಾಗಿ ದಿನವೆಲ್ಲ ಮನೆಯ ಸುತ್ತ ಇರಬೇಕು.

ಹಾಗಾದರೆ ಆಗ ಆರು ರೂಪಾಯಿಗೆ ಫಾರಂನವರು ಹೇಗೆ ಕೊಡುತ್ತಿದ್ದರು ಅಂತ ಕೇಳಬಹುದು. ಅವರ ಬಿಳಿ ಕೋಳಿ ವರ್ಷಕ್ಕೆ 300 ದಾಟಿ ಇಡುತ್ತೆ, ತಿನ್ನೋದು ಮಾತ್ರ ನನ್ನ ಕೋಳಿಯಷ್ಟೇ. ಸಾವಿರಾರು ಕೋಳಿಗೆ ಒಬ್ಬಿಬ್ಬರು ಆಳು. ಪಂಜರದಲ್ಲಿ ಒಂದು ಕೋಳಿಗೆ ಸಿಗೋ ಜಾಗ ನಮ್ಮ ಆಫೀಸಿನ ಎ4 ಹಾಳೆಗಿಂತ ಕಡಿಮೆ. ಒಂದು ಮೊಟ್ಟೆಯ ಸಿಪ್ಪೆಗೆ ಎರಡು ಗ್ರಾಂನಷ್ಟು ಕ್ಯಾಲ್ಸಿಯಂ ಬೇಕು. ಮೇವಿನಲ್ಲಿ ಸಾಲದಿದ್ದರೆ ಕೋಳಿ ಅದನ್ನು ತನ್ನ ಮೂಳೆಯಿಂದಲೇ ತೆಗೆದು ಕೊಡುತ್ತೆ. ಅಲ್ಲಿ ಬೆಲೆ ಕೊಡುತ್ತಿರುವವರು ಯಾರು ಅಂತ ನೋಡಿದರೆ ಕಾಣುತ್ತೆ. ನಾನೇನು ಫಾರಂ ಮೊಟ್ಟೆ ಬಿಟ್ಟಿಲ್ಲ. ಚಳಿಗಾಲದಲ್ಲಿ ನನ್ನವು ಪುಕ್ಕ ಉದುರಿಸಿಕೊಂಡು ಕೂತಾಗ ಅಂಗಡಿಯಿಂದಲೇ ತರೋದು. ಅಂಗನವಾಡಿ ಮಗುವಿಗೆ ಅಗ್ಗದ ಮೊಟ್ಟೆ ಸಿಗೋದು ಒಳ್ಳೆಯದೇ. ನನ್ನ 18 ರೂಪಾಯಿಯ ಮೊಟ್ಟೆ ಯಾರ ಹೊಟ್ಟೆಯನ್ನೂ ತುಂಬಿಸಲ್ಲ.

ಹಕ್ಕಿಜ್ವರದ ಹೆದರಿಕೆ ಬೇರೆ. 2020ರ ಮಾರ್ಚಿನಲ್ಲಿ ಇದೇ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಬಂದಾಗ ಸುತ್ತ ಒಂದು ಕಿಲೋಮೀಟರಿನ ಕೋಳಿಗಳನ್ನೆಲ್ಲ ಕೊಂದು ಹೂತರು, ಮನೆಯಲ್ಲಿ ಸಾಕಿದ್ದನ್ನೂ ಬಿಡಲಿಲ್ಲ. ಬಿಡುವ ಹಾಗೂ ಇರಲಿಲ್ಲ. ಪೇಪರಿನಲ್ಲಿ ಆ ಪದ ಕಂಡರೆ ಈಗಲೂ ಮೊದಲು ಊರಿನ ಹೆಸರು ಹುಡುಕುತ್ತೇನೆ.

ಎರಡನೇ ವರ್ಷ 531 ಮೊಟ್ಟೆ. ಮೂರನೇ ವರ್ಷ 290. ಫೀಡಿನ ಚೀಲ ಮಾತ್ರ ಕಡಿಮೆಯಾಗಲಿಲ್ಲ, ಬೆಲೆ ಹತ್ತಿತು. ಈಗ ಉಳಿದಿರೋದು ಮೂರು ಕೋಳಿ. ಅಜ್ಜಿಯ ಹಿತ್ತಿಲಲ್ಲಾಗಿದ್ದರೆ ಈ ಹೊತ್ತಿಗೆ ಮೂರೂ ಮುದ್ದೆಯ ಪಕ್ಕದ ಸಾರಾಗಿರುತ್ತಿದ್ದವು. ನಾವು ಕೋಳಿ ತಿನ್ನುವವರೇ. ಭಾನುವಾರ ಅಂಗಡಿಯಿಂದ ತಂದು ತಿನ್ನುತ್ತೇವೆ, ಅದೇ ಹಿತ್ತಿಲ ಒರಳಿನಲ್ಲಿ ಮಸಾಲೆ ಅರೆದು. ಕೋಳಿ ಕೇಳಿ ಯಾರೂ ಖಾರ ಅರೆಯಲ್ಲ ನಿಜ, ಆದರೆ ಹೆಸರಿಟ್ಟ ಕೋಳಿ ಬೇರೆ. ಅಮ್ಮ ಬಂದಾಗಲೆಲ್ಲ ಕೆಂಪಿಯ ತೂಕವನ್ನು ಕಣ್ಣಿನಲ್ಲೇ ಅಳೆದು, "ಸುಮ್ನೆ ತಿಂದ್ಕೊಂಡು ಬಿದ್ದಿದೆಯಲ್ಲೇ" ಅನ್ನುತ್ತಾಳೆ. ಹೌದು, ಪಿಂಚಣಿ. ದಿನಕ್ಕೆ 115 ಗ್ರಾಂ. ಪುಸ್ತಕದಲ್ಲಿ ಅದಕ್ಕೊಂದು ಬೇರೆ ಪುಟವೇ ಇದೆ.

ಕೆಂಪಿ ಮೊಟ್ಟೆ ನಿಲ್ಲಿಸಿ ಐದು ತಿಂಗಳಾಗಿತ್ತು. ಹೋದ ಬುಧವಾರ ಬೆಳಗ್ಗೆ ನಾನು ಕಾಫಿಗೆ ಹಾಲು ಇಟ್ಟಿದ್ದೆ. ಹಿತ್ತಿಲಿಂದ ಹಳೆಯ ಆ ಕೂಗು ಕೇಳಿತು. ಕೊಕ್ ಕೊಕ್ ಕೊಕ್ಕೋ ಅಂತ, ಮೊಟ್ಟೆ ಇಟ್ಟ ಮೇಲೆ ಊರಿಗೆಲ್ಲ ಸಾರುತ್ತವಲ್ಲ, ಅದು. ಹಾಲು ಹಾಗೇ ಬಿಟ್ಟು ಓಡಿದೆ. ಕೆಂಪಿ ಗೂಡಿನ ಬಾಗಿಲಲ್ಲಿ ನಿಂತು ಕತ್ತು ಎತ್ತಿಕೊಂಡು ಕೂಗುತ್ತಿದ್ದಳು. ಒಳಗೆ ಹೊಟ್ಟಿನ ಮೇಲೆ ಮೊಟ್ಟೆ, ಸಿಪ್ಪೆ ಕಾಗದದ ಹಾಗೆ. ನಾನು ಬಗ್ಗುವಷ್ಟರಲ್ಲಿ ಚುಕ್ಕಿ ಒಂದು ಕುಕ್ಕು ಕುಕ್ಕಿದಳು. ಆಮೇಲೆ ಮೂರೂ ಸೇರಿ ಅದನ್ನು ಹಳದಿ ಸಮೇತ ತಿಂದು, ಹೊಟ್ಟನ್ನೂ ಕೆದಕಿ ನೋಡಿದವು. ಕೆಂಪಿಯೂ ತಿಂದಳು.

ಒಳಗೆ ಹಾಲು ಉಕ್ಕಿ ಸ್ಟವ್ವೆಲ್ಲ ಆಗಿತ್ತು. ಒರೆಸಿ, ಪುಸ್ತಕ ತೆಗೆದು, ತಾರೀಖು ಹಾಕಿ ಬರೆದೆ. ಕೆಂಪಿ, 1.